ತೋಟದ ಮನೆಯ ಏರ್‌ರೈಫಲ್‌ಗೆ ಯಾವ ಪೆಲೆಟ್? 4.5 ಮಿ.ಮೀ. ಪೆಲೆಟ್‌ಗಳ ಒಂದು ವಿಮರ್ಶೆ

ಮಲೆನಾಡಿನಲ್ಲಿ ಏರ್‌ರೈಫಲ್ ಕೊಳ್ಳುವವರು ಬಂದೂಕಿನ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ, ಆದರೆ ಅದರೊಳಗೆ ಹಾಕುವ ಸಣ್ಣ ಗುಂಡಿನ, ಅಂದರೆ ಪೆಲೆಟ್‌ನ ವಿಷಯಕ್ಕೆ ಬಂದರೆ ಅಂಗಡಿಯವನು ಕಪಾಟಿನಿಂದ ತೆಗೆದುಕೊಟ್ಟ ಡಬ್ಬಿಯನ್ನೇ ಜೇಬಿಗೆ ಹಾಕಿಕೊಂಡು ಬರುತ್ತಾರೆ. ಆಮೇಲೆ ಇಟ್ಟ ಗುರಿಗೆ ಈಡು ಬೀಳದಿದ್ದಾಗ ಬಂದೂಕೇ ಸರಿಯಿಲ್ಲವೆಂದು ತೀರ್ಮಾನಿಸಿ ಅದನ್ನು ಅಟ್ಟಕ್ಕೆ ಸೇರಿಸಿಬಿಡುತ್ತಾರೆ. ಹಾಗೆ ಅಟ್ಟ ಸೇರಿದ ಬಂದೂಕುಗಳಲ್ಲಿ ಬಹುಪಾಲು ಚೆನ್ನಾಗಿಯೇ ಇರುತ್ತವೆ, ಕೆಟ್ಟಿರುವುದು ಅವುಗಳ ಆಹಾರ ಮಾತ್ರ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕಾಗಿಯೇ ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಮನೆಯಲ್ಲಿ, ಒಂದೇ ರೈಫಲ್‌ನಲ್ಲಿ, ಬೇರೆ ಬೇರೆ ತೂಕದ ಮತ್ತು ಬೇರೆ ಬೇರೆ ಆಕಾರದ ಪೆಲೆಟ್‌ಗಳನ್ನು ಹಾಕಿ ನೋಡಿದ್ದರ ವಿವರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಳಸಿದ್ದು ನಮ್ಮ ದೇಶದಲ್ಲೇ ತಯಾರಾದ, ನಳಿಗೆಯನ್ನು ಮಡಿಸಿ ಸ್ಪ್ರಿಂಗ್ ಬಿಗಿ ಮಾಡುವ ಮಾದರಿಯ, .177 ಇಂಚು ಅಂದರೆ 4.5 ಮಿ.ಮೀ. ರಂಧ್ರದ ರೈಫಲ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ರಂಧ್ರ 4.5 ಮಿ.ಮೀ. ಮೀರಿದ ಅಥವಾ ನಳಿಗೆಯ ಬಾಯಿಯಲ್ಲಿ ಶಕ್ತಿ 20 ಜೂಲ್ ಮೀರಿದ ಗಾಳಿ ಬಂದೂಕಿಗೆ ಪರವಾನಗಿ ಬೇಕು. ಹಾಗಾಗಿ ಬೇರೆ ದೇಶಗಳಲ್ಲಿ ಇಲಿ ಹೆಗ್ಗಣಗಳಿಗೆ ಹೆಚ್ಚು ಸೂಕ್ತವೆಂದು ಹೇಳಲಾಗುವ 5.5 ಮಿ.ಮೀ. ಪೆಲೆಟ್‌ಗಳ ಮಾತು ನಮ್ಮಲ್ಲಿ ಸಾಮಾನ್ಯರಿಗೆ ಉಪಯೋಗಕ್ಕೆ ಬರುವುದಿಲ್ಲ. ಇರುವ ಮಿತಿಯೊಳಗೆ, ಇರುವ ಸಣ್ಣ ಸೀಸದ ತುಂಡಿನಿಂದ ಎಷ್ಟು ನಿಖರತೆಯನ್ನು ಹೊರಡಿಸಬಹುದು ಎಂಬುದೇ ಪ್ರಶ್ನೆ. ನನ್ನ ಉದ್ದೇಶ ಎರಡು: ಅಂಗಳದಲ್ಲಿ ಕಾಗದದ ಗುರಿಗೆ ಹೊಡೆಯುವ ಅಭ್ಯಾಸ, ಮತ್ತು ಕೊಟ್ಟಿಗೆಯಲ್ಲೂ ಅಡಿಕೆ ದಾಸ್ತಾನಿನ ಕೋಣೆಯಲ್ಲೂ ಬಿಲ ಕೊರೆದು ಕುಳಿತಿರುವ ಹೆಗ್ಗಣಗಳ ನಿವಾರಣೆ.

ಮುಂದೆ ಹೋಗುವ ಮೊದಲು ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮ ಕಡೆ ಏರ್‌ರೈಫಲ್ ಕೊಳ್ಳುವವರಲ್ಲಿ ಅನೇಕರು ಅದನ್ನು ಮಂಗಗಳಿಗಾಗಿಯೇ ಕೊಳ್ಳುತ್ತಾರೆ. ತೋಟದಲ್ಲಿ ಎಳೆ ಅಡಿಕೆ, ಬಾಳೆಗೊನೆ, ಏಲಕ್ಕಿ ಹಾಳಾಗುವಾಗ ರೈತನಿಗೆ ಆಗುವ ಸಂಕಟ ನನಗೆ ಚೆನ್ನಾಗಿ ಗೊತ್ತು. ಆದರೆ 20 ಜೂಲ್ ಒಳಗಿನ ಒಂದು ಪೆಲೆಟ್ ಸಾಮಾನ್ಯವಾಗಿ ಮಂಗವನ್ನು ಕೂಡಲೇ ಕೊಲ್ಲುವುದೂ ಇಲ್ಲ, ಶಾಶ್ವತವಾಗಿ ಓಡಿಸುವುದೂ ಇಲ್ಲ. ಅದು ಚರ್ಮದೊಳಗೆ ಹೊಕ್ಕು ಕುಳಿತು, ಗಾಯ ಕೊಳೆತು, ಆ ಪ್ರಾಣಿ ವಾರಗಟ್ಟಲೆ ನರಳುವಂತೆ ಮಾಡುತ್ತದೆ. ಮುಸಿಯ, ಕೆಂದಳಿಲು, ನವಿಲು ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ ಎಂಬುದು ಒಂದು ಕಡೆ. ಇನ್ನೊಂದು ಕಡೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಯ ಜಿಲ್ಲೆ ನಮ್ಮದು. ಎಲ್ಲಿ ಮಂಗ ಸತ್ತು ಬಿದ್ದಿದೆ ಎಂಬುದನ್ನು ನೋಡಿಯೇ ಆರೋಗ್ಯ ಇಲಾಖೆ ಎಚ್ಚರಗೊಳ್ಳುವ ಊರಿನಲ್ಲಿ, ಮಂಗವನ್ನು ಗಾಯಗೊಳಿಸಿ ಕಾಡಂಚಿನಲ್ಲಿ ಎಲ್ಲೋ ಸಾಯಲು ಬಿಡುವುದು ನಮಗೆ ನಾವೇ ಮಾಡಿಕೊಳ್ಳುವ ಅಪಾಯ. ಹೀಗಾಗಿ ಈ ಬರಹದಲ್ಲಿ ಎಲ್ಲಿ ಪ್ರಾಣಿಯ ಮಾತು ಬಂದರೂ ಅದು ಇಲಿ ಹೆಗ್ಗಣಗಳದ್ದು ಮಾತ್ರ.

ಪೆಲೆಟ್ ಎಂಬುದು ನೋಡಲು ಬಹಳ ಸರಳವಾದ ವಸ್ತು. ಮುಂದೆ ಗಟ್ಟಿ ತಲೆ, ನಡುವೆ ಸಪೂರ ಸೊಂಟ, ಹಿಂದೆ ಟೊಳ್ಳಾದ ತೆಳು ಸ್ಕರ್ಟ್. ತಲೆಯು ನಳಿಗೆಯ ಒಳಗಿನ ತಿರುಪು ಗೀರುಗಳ ಏಣುಗಳ ಮೇಲೆ ಕುಳಿತು ಪೆಲೆಟ್ಟನ್ನು ನೇರವಾಗಿ ನಡೆಸುತ್ತದೆ. ಸ್ಕರ್ಟ್ ಗಾಳಿಯ ಒತ್ತಡಕ್ಕೆ ಹಿಗ್ಗಿ ಗೀರುಗಳೊಳಗೆ ಕಚ್ಚಿಕೊಂಡು ಗಾಳಿ ಸೋರದಂತೆ ತಡೆಯುತ್ತದೆ ಮತ್ತು ಪೆಲೆಟ್ಟಿಗೆ ಸುತ್ತು ಕೊಡುತ್ತದೆ. ಹೊರಬಿದ್ದ ಮೇಲೆ ಸುತ್ತುವಿಕೆಯ ಜೊತೆಗೆ ಹಿಂಬದಿಯ ಅಗಲವಾದ ಭಾಗದ ಮೇಲೆ ಬೀಳುವ ಗಾಳಿಯ ಎಳೆತವೂ ಅದನ್ನು ಮುಂದಕ್ಕೆ ಮುಖಮಾಡಿ ಹಿಡಿದಿರುತ್ತದೆ. ಇಷ್ಟರಲ್ಲಿ ಎಲ್ಲಿ ತಪ್ಪಿದರೂ ಗುರಿ ತಪ್ಪುತ್ತದೆ. ತಲೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಸಣ್ಣದಾದರೂ ನಳಿಗೆಯೊಳಗೆ ಓಲಾಡುತ್ತದೆ. ಸ್ಕರ್ಟಿನ ಅಂಚು ಒಂದು ಕಡೆ ತಗ್ಗಿದ್ದರೆ ಪೆಲೆಟ್ ನಳಿಗೆಯ ಬಾಯಿ ದಾಟುವ ಕ್ಷಣದಲ್ಲಿ ಗಾಳಿ ಒಂದೇ ಕಡೆಯಿಂದ ಮೊದಲು ನುಗ್ಗಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಎರಡು ರೈಫಲ್‌ಗಳು ಒಂದೇ ಕಾರ್ಖಾನೆಯಿಂದ ಒಂದೇ ದಿನ ಹೊರಬಂದಿದ್ದರೂ ಅವುಗಳ ನಳಿಗೆಯ ಒಳ ಅಳತೆ ಕೂದಲೆಳೆಯಷ್ಟು ಬೇರೆಯಿರಬಹುದಾದ್ದರಿಂದ ನನ್ನ ರೈಫಲ್‌ಗೆ ಒಪ್ಪಿದ್ದು ನಿಮ್ಮದಕ್ಕೆ ಒಪ್ಪಲೇಬೇಕೆಂದಿಲ್ಲ. ಆದರೂ ಆರಂಭಿಸುವುದು ಎಲ್ಲಿಂದ ಎಂಬುದನ್ನು ಈ ಪರೀಕ್ಷೆ ಹೇಳಬಲ್ಲದು.

ಪರೀಕ್ಷೆ ನಡೆಸಿದ್ದು ಅಂಗಳದ ಅಂಚಿನಿಂದ ತೋಟದ ಧರೆಯವರೆಗೆ ಅಳೆದ 10, 20 ಮತ್ತು 25 ಮೀಟರ್ ದೂರಗಳಲ್ಲಿ. ಧರೆಯ ಮಣ್ಣು ಪೆಲೆಟ್ಟನ್ನು ನುಂಗಿಕೊಳ್ಳುವುದರಿಂದ ಮರದ ಕಾಂಡಕ್ಕೋ ಕಲ್ಲಿಗೋ ತಗುಲಿ ಹಿಂದಿರುಗುವ ಭಯವಿಲ್ಲ, ಎರಡೂ ಬದಿಯ ಅಡಿಕೆ ಮರಗಳು ಗಾಳಿಯನ್ನೂ ತಡೆಯುತ್ತವೆ. ಬೆಳಗಿನ ಹೊತ್ತು, ಎಲೆ ಅಲುಗದ ಸಮಯದಲ್ಲಿ ಮಾತ್ರ ಹೊಡೆದೆ. ಅರ್ಧ ಗ್ರಾಮಿನ ಪೆಲೆಟ್ಟನ್ನು 25 ಮೀಟರ್‌ನಲ್ಲಿ ಸರಿಸಲು ಮುಖಕ್ಕೆ ತಾಗುವಷ್ಟು ಗಾಳಿಯೂ ಬೇಕಾಗಿಲ್ಲ. ಪ್ರತಿಯೊಂದು ಬಗೆಯನ್ನು ಬದಲಿಸಿದಾಗಲೂ ಮೊದಲ ಹತ್ತಿಪ್ಪತ್ತು ಈಡುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಏಕೆಂದರೆ ಹಿಂದಿನ ಪೆಲೆಟ್ ಬಿಟ್ಟುಹೋದ ಸೀಸದ ತೆಳು ಪದರದ ಮೇಲೆ ಹೊಸದು ಹೊಂದಿಕೊಳ್ಳಲು ಅಷ್ಟು ಬೇಕು. ಆಮೇಲೆ ಹತ್ತು ಈಡುಗಳ ಗ್ರೂಪ್‌ಗಳನ್ನು, ಅಂದರೆ ಒಂದೇ ಗುರಿಗಿಟ್ಟ ಈಡುಗಳ ತೂತುಗಳ ಗುಂಪುಗಳನ್ನು (ಗುಂಪು ಚಿಕ್ಕದಾದಷ್ಟೂ ನಿಖರತೆ ಹೆಚ್ಚು) ಹೊಡೆದು, ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಿಂದ ಪೆಲೆಟ್ಟಿನ ಅಗಲವಾದ 4.5 ಮಿ.ಮೀ. ಕಳೆದೆ. ಮೂರು ಅಥವಾ ಐದು ಈಡುಗಳ ಒಂದು ಚೆಂದದ ಗ್ರೂಪ್ ತೋರಿಸಿ ಇದೇ ಉತ್ತಮ ಪೆಲೆಟ್ ಎನ್ನುವವರನ್ನು ನಂಬಬೇಡಿ. ಐದರಲ್ಲಿ ಅದೃಷ್ಟ ಅಡಗಿಕೊಳ್ಳುತ್ತದೆ, ಹತ್ತರಲ್ಲಿ ಅಡಗಿಕೊಳ್ಳುವುದು ಕಷ್ಟ.

ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಜೆಕ್ ಗಣರಾಜ್ಯದ ಬೊಹುಮಿನ್‌ನಲ್ಲಿ ತಯಾರಾಗುವ ಜೆಎಸ್‌ಬಿ ಎಕ್ಸಾಕ್ಟ್, 0.547 ಗ್ರಾಮ್ ತೂಕದ, ದುಂಡು ತಲೆಯ, ತಲೆಯ ಅಳತೆ 4.52 ಮಿ.ಮೀ. ಇರುವಂಥದು. 20 ಮೀಟರ್‌ಗೆ ಹತ್ತು ಈಡುಗಳು 16ರಿಂದ 20 ಮಿ.ಮೀ. ಒಳಗೆ ಸೇರುತ್ತಿದ್ದವು. ಅಂದರೆ ಬಹುತೇಕ ಗ್ರೂಪ್‌ಗಳ ಮೇಲೆ ಈಗಿನ ಒಂದು ರೂಪಾಯಿ ನಾಣ್ಯವನ್ನಿಟ್ಟರೆ ಹತ್ತೂ ತೂತುಗಳು ಮುಚ್ಚಿಹೋಗುತ್ತಿದ್ದವು ಅಥವಾ ಒಂದು ತೂತಿನ ಅಂಚು ಮಾತ್ರ ಹೊರಗೆ ಇಣುಕುತ್ತಿತ್ತು. ಇದೇ ಪೆಲೆಟ್ 4.51 ಅಳತೆಯಲ್ಲೂ ದೊರೆಯುತ್ತದೆ; ಅದನ್ನು ಹಾಕಿದಾಗ ನನ್ನ ನಳಿಗೆಯಲ್ಲಿ ಗ್ರೂಪ್ ಸ್ವಲ್ಪ ಅಗಲವಾಯಿತು. ಎರಡರ ನಡುವಿನ ವ್ಯತ್ಯಾಸವನ್ನು ಕಾಗದಕ್ಕಿಂತ ಮೊದಲು ಹೆಬ್ಬೆರಳೇ ಹೇಳಿತು. 4.51ರದು ತಳ್ಳಿದ ಕೂಡಲೇ ತಾನಾಗಿ ಜಾರಿ ಒಳಗೆ ಹೋಗಿ ಕುಳಿತುಕೊಳ್ಳುತ್ತಿತ್ತು, 4.52ರದು ಕೊನೆಯಲ್ಲಿ ತುಸು ತಡೆದು, ಹೆಬ್ಬೆರಳಿನ ಉಗುರಿನಿಂದ ಒತ್ತಿದಾಗ ಮೆಲ್ಲಗೆ ಕಚ್ಚಿಕೊಂಡು ನಳಿಗೆಯ ಅಂಚಿಗೆ ಸಮನಾಗಿ ನಿಲ್ಲುತ್ತಿತ್ತು, ಮತ್ತು ಪ್ರತಿ ಪೆಲೆಟ್ಟಿಗೂ ಆ ತಡೆ ಹೆಚ್ಚುಕಡಿಮೆ ಒಂದೇ ಸಮನಿತ್ತು. ಪೆಲೆಟ್ ಆರಿಸುವವನು ಗಮನಿಸಬೇಕಾದ ಮೊದಲ ಸಂಗತಿ ಇದು. ಒಂದು ಪೆಲೆಟ್ ಸಡಿಲ, ಇನ್ನೊಂದು ಬಿಗಿ, ಮತ್ತೊಂದು ನಡುವಿನದು ಎಂದಾದರೆ ಆ ಡಬ್ಬಿಯ ಮೇಲೆ ಯಾವ ಹೆಸರಿದ್ದರೂ ಅದರಿಂದ ನಿಖರತೆಯನ್ನು ನಿರೀಕ್ಷಿಸುವಂತಿಲ್ಲ.

ಎರಡನೆಯದು ಜರ್ಮನಿಯ ಎಚ್ ಅಂಡ್ ಎನ್ ಕಂಪನಿಯ ಫೀಲ್ಡ್ ಟಾರ್ಗೆಟ್ ಟ್ರೋಫಿ. 1825ರಲ್ಲಿ ಹುಟ್ಟಿದ ಹಳೆಯ ಕಂಪನಿಯದು. ತೂಕ 0.56 ಗ್ರಾಮ್, ಇದೂ ದುಂಡು ತಲೆಯದೇ. ನನ್ನ ರೈಫಲ್‌ನಲ್ಲಿ ಇದು ಜೆಎಸ್‌ಬಿಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ಹಿಂದೆ ಬಿತ್ತು. ಬೇರೆ ರೈಫಲ್‌ನಲ್ಲಿ ಇದೇ ಮುಂದೆ ಬಂದರೆ ನನಗೆ ಆಶ್ಚರ್ಯವಾಗದು. ಇದರ ಸೀಸ ಒಂದಿಷ್ಟು ಗಟ್ಟಿ ಎನಿಸಿತು, ಆದ್ದರಿಂದ ಕೊರಿಯರ್‌ನಲ್ಲಿ ಬರುವಾಗ ಸ್ಕರ್ಟ್ ತಗ್ಗುವುದು ಕಡಿಮೆ. ಮಲೆನಾಡಿನ ಹಳ್ಳಿಗಳಿಗೆ ಬರುವ ಪೊಟ್ಟಣಗಳು ಬಸ್ಸಿನ ಡಿಕ್ಕಿಯಲ್ಲಿ ಎಷ್ಟು ಪೆಟ್ಟು ತಿಂದು ಬರುತ್ತವೆಂದು ತಿಳಿದವರಿಗೆ ಇದು ಸಣ್ಣ ಗುಣವಲ್ಲ.

ಸ್ಪರ್ಧೆಯ ಪೆಲೆಟ್‌ಗಳ ಮಾತು ಬೇರೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್‌ರೈಫಲ್ ಸ್ಪರ್ಧೆಯಲ್ಲಿ ಗುರಿಯ ಹತ್ತರ ವೃತ್ತ ಅರ್ಧ ಮಿಲಿಮೀಟರಿನ ಚುಕ್ಕೆ ಮಾತ್ರ. ಅಂಥ ಗುರಿಗಾಗಿ ಮಾಡುವ ಚಪ್ಪಟೆ ತಲೆಯ ಪೆಲೆಟ್‌ಗಳು ಅಳತೆ ಮತ್ತು ತೂಕದ ಸಮಾನತೆಯಲ್ಲಿ ಎಲ್ಲಕ್ಕಿಂತ ಮುಂದಿರುತ್ತವೆ. ಆರ್‌ಡಬ್ಲ್ಯೂಎಸ್ ಆರ್10 ಮತ್ತು ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಎರಡನ್ನೂ, ರೈಫಲ್‌ಗೆಂದೇ ಇರುವ 0.53 ಗ್ರಾಮ್ ತೂಕದಲ್ಲಿ ಹಾಕಿ ನೋಡಿದೆ. 10 ಮೀಟರ್‌ನಲ್ಲಿ ಇವು ಕಾಗದದಲ್ಲಿ ಯಂತ್ರದಿಂದ ಕೊರೆದಂಥ ಚೊಕ್ಕ ದುಂಡು ತೂತುಗಳನ್ನು ಮಾಡಿದವು, ಗ್ರೂಪ್ ಜೆಎಸ್‌ಬಿಗಿಂತಲೂ ಚಿಕ್ಕದು. 15 ಮೀಟರ್‌ನವರೆಗೂ ಅದೇ ಭರವಸೆ. ಆದರೆ ಚಪ್ಪಟೆ ಮುಖ ಗಾಳಿಯನ್ನು ಸೀಳಲಾರದೆ ಬೇಗ ವೇಗ ಕಳೆದುಕೊಳ್ಳುತ್ತದೆ, ದೂರ ಹೆಚ್ಚಾದಂತೆ ಸ್ಥಿರತೆಯೂ ಹೋಗುತ್ತದೆ. 25 ಮೀಟರ್‌ನಲ್ಲಿ ಗ್ರೂಪ್ ಮುಷ್ಟಿಯಷ್ಟಾಗತೊಡಗಿತು. ಇದು ಪೆಲೆಟ್ಟಿನ ದೋಷವಲ್ಲ, ಅದನ್ನು ಮಾಡಿರುವುದೇ ಹತ್ತಿರದ ಕಾಗದಕ್ಕೆ. ಇವುಗಳಲ್ಲಿ ಪಿಸ್ತೂಲಿಗೆಂದು ಹಗುರ ಬಗೆಯೂ ಇದೆ. ಡಬ್ಬಿಗಳು ಒಂದೇ ರೀತಿ ಕಾಣುವುದರಿಂದ ಕೊಳ್ಳುವಾಗ ತೂಕ ಓದಿಕೊಂಡು ಕೊಳ್ಳಬೇಕು.

ಭಾರದ ಪೆಲೆಟ್‌ಗಳನ್ನು, ಅಂದರೆ 0.67 ಗ್ರಾಮಿನಿಂದ ಮೇಲಿನವನ್ನು, ನಮ್ಮಂಥ ಸ್ಪ್ರಿಂಗ್ ರೈಫಲ್‌ಗೆ ನಾನು ಹೇಳುವುದಿಲ್ಲ. ಸಿಲಿಂಡರಿನಲ್ಲಿ ಮೊದಲೇ ತುಂಬಿಟ್ಟ ಗಾಳಿಯಿಂದ ನಡೆಯುವ ಪಿಸಿಪಿ ರೈಫಲ್‌ಗಳಿಗೆ ಅವು ಹೇಳಿಮಾಡಿಸಿದಂತಿವೆ. ಸ್ಪ್ರಿಂಗ್ ರೈಫಲ್‌ನಲ್ಲಿ ಗಾಳಿಯ ಒತ್ತಡ ಹುಟ್ಟುವುದು ಕುದುರೆ (ಟ್ರಿಗರ್) ಎಳೆದ ಮೇಲೆ, ಪಿಸ್ಟನ್ ಮುಂದಕ್ಕೆ ನುಗ್ಗಿದಾಗ. ಭಾರದ ಪೆಲೆಟ್ ತಡವಾಗಿ ಜಾಗ ಬಿಡುವುದರಿಂದ ಪಿಸ್ಟನ್ ಒತ್ತಿದ ಗಾಳಿಗೆ ಬಡಿದು ಹಿಂದಕ್ಕೆ ಪುಟಿಯುತ್ತದೆ, ಶಕ್ತಿ ಪೋಲಾಗುತ್ತದೆ, ಈಡು ಕೆಳಗೆ ಬೀಳುತ್ತದೆ. ನನ್ನ ಗುರಿಕಾಗದದಲ್ಲಿ ಅವು 20 ಮೀಟರ್‌ಗೆ 30 ಮಿ.ಮೀ. ಸುಮಾರಿನ ಗ್ರೂಪ್ ಮಾಡಿದವು.

ಅತಿ ಹಗುರದವುಗಳ ಕಥೆ ಇದಕ್ಕೆ ತದ್ವಿರುದ್ಧ, ಫಲಿತಾಂಶ ಇನ್ನೂ ಕೆಟ್ಟದ್ದು. ಸೀಸವಿಲ್ಲದ, ಮಿಶ್ರಲೋಹದ, ಬಂಗಾರದ ಬಣ್ಣ ಬಳಿದು ಮಾರುವ ಪೆಲೆಟ್‌ಗಳ ಡಬ್ಬಿಯ ಮೇಲೆ ವೇಗದ ಅಂಕಿಯೇ ದೊಡ್ಡ ಅಕ್ಷರದಲ್ಲಿರುತ್ತದೆ. ವೇಗವೇ ಗುಣ ಎಂಬ ಭ್ರಮೆ ನಮ್ಮ ಕಡೆ ಬಹಳ ಗಟ್ಟಿಯಾಗಿ ಬೇರೂರಿದೆಯಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 0.547 ಗ್ರಾಮಿನ ಪೆಲೆಟ್ ಸೆಕೆಂಡಿಗೆ 240 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 16 ಜೂಲ್. 0.45 ಗ್ರಾಮಿನದು 300 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 20 ಜೂಲ್. ಕಾಗದದ ಲೆಕ್ಕದಲ್ಲಿ ಎರಡನೆಯದೇ ಗೆದ್ದಿತು. ಆದರೆ 20 ಡಿಗ್ರಿ ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಆ ವೇಗಕ್ಕೆ ಹತ್ತಿರವಾದಂತೆ ಪೆಲೆಟ್ಟಿನ ಸುತ್ತಲಿನ ಗಾಳಿಯ ಹರಿವು ಕದಡಿಹೋಗಿ ಸೊಂಟ ಸಪೂರವಿರುವ ಈ ಆಕಾರ ತೂರಾಡತೊಡಗುತ್ತದೆ. ಹಗುರವಾದದ್ದು ಹೊರಟ ವೇಗವನ್ನು ಅಷ್ಟೇ ಬೇಗ ಕಳೆದುಕೊಳ್ಳುವುದೂ ಉಂಟು. ಜೊತೆಗೆ ಮಿಶ್ರಲೋಹ ಸೀಸದಷ್ಟು ಮೃದುವಲ್ಲವಾಗಿ ಗೀರುಗಳಿಗೆ ಸರಿಯಾಗಿ ಕಚ್ಚುವುದಿಲ್ಲ. ನನ್ನ ಪರೀಕ್ಷೆಯಲ್ಲಿ 20 ಮೀಟರ್‌ಗೆ ಇವುಗಳ ಗ್ರೂಪ್ 50 ಮಿ.ಮೀ. ಸಮೀಪಿಸಿತು. ಸದ್ದು ಜೋರು, ತಗಡಿನ ಡಬ್ಬಿಗೆ ಹೊಡೆದರೆ ತೂತು ಚೆಂದ, ಅಷ್ಟೇ. ಸೀಸವನ್ನು ಬಳಕೆಯಿಂದ ತೆಗೆಯಬೇಕೆಂಬ ಉದ್ದೇಶ ನನಗೂ ಒಪ್ಪಿಗೆಯಾದದ್ದೇ. ಆ ಉದ್ದೇಶಕ್ಕೆ ತಕ್ಕಷ್ಟು ನಿಖರವಾದ ಸೀಸವಿಲ್ಲದ ಪೆಲೆಟ್ ನನ್ನ ಈ ನಳಿಗೆಗೆ ಇನ್ನೂ ಸಿಕ್ಕಿಲ್ಲ.

ಮೊನಚು ತಲೆಯವು 20 ಮೀಟರ್‌ಗೆ 35ರಿಂದ 40 ಮಿ.ಮೀ. ಮೊನೆಯು ಸರಿಯಾಗಿ ನಡುವಿನಲ್ಲೇ ಇರುವಂತೆ ಅಚ್ಚು ಹಾಕುವುದು ಕಷ್ಟ, ಡಬ್ಬಿಯಲ್ಲಿ ಉರುಳಾಡಿ ಆ ಮೊನೆ ಮೊದಲು ಬಗ್ಗುತ್ತದೆ. ಹೆಗ್ಗಣಕ್ಕೆ ಮೊನಚೇ ಬೇಕೆಂಬ ವಾದವನ್ನು ಕೇಳಿದ್ದೇನೆ. ಅದು ಹೊಕ್ಕು ಹೊರಬರುತ್ತದೆ, ಒಳಗೆ ಶಕ್ತಿ ಬಿಡುವುದಿಲ್ಲ. ಅದಕ್ಕಿಂತ ಸರಿಯಾದ ಜಾಗಕ್ಕೆ ಬಿದ್ದ ದುಂಡು ತಲೆಯದೇ ಮೇಲು.

ಇನ್ನು ಶಿವಮೊಗ್ಗ ಪೇಟೆಯ ಕ್ರೀಡಾ ಸಾಮಗ್ರಿಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ, ಕಂಪನಿಯ ಹೆಸರು ಸರಿಯಾಗಿ ಅಚ್ಚಾಗಿರದ ಅಗ್ಗದ ಪೆಲೆಟ್‌ಗಳು. ಇವುಗಳ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯಬೇಕು, ಏಕೆಂದರೆ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನರ ಜೇಬಿನಲ್ಲಿರುವುದು ಇವೇ. ಒಂದು ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿನಲ್ಲಿ ನೋಡಿದೆ. ಕೆಲವಕ್ಕೆ ಅಚ್ಚಿನ ಎರಡು ಭಾಗ ಕೂಡುವಲ್ಲಿ ತಲೆಯಿಂದ ಸ್ಕರ್ಟಿನವರೆಗೆ ಎದ್ದ ಗೆರೆ ಉಳಿದಿತ್ತು. ಕೆಲವುಗಳ ಟೊಳ್ಳಿನೊಳಗೆ ಸೀಸದ ಸಿಬಿರು ಸಿಕ್ಕಿಕೊಂಡಿತ್ತು. ಸ್ಕರ್ಟಿನ ಅಂಚು ಮೊಟ್ಟೆಯಾಕಾರಕ್ಕೆ ಬಂದವೂ, ಒಂದು ಕಡೆ ಕಚ್ಚಿದಂತೆ ಮುರಿದವೂ ಇದ್ದವು. ಚಿನ್ನದ ತೂಕದ ತಕ್ಕಡಿಯಲ್ಲಿಟ್ಟರೆ ಒಂದೊಂದಕ್ಕೆ ಒಂದೊಂದು ತೂಕ. ಜೆಎಸ್‌ಬಿಯ ಪೆಲೆಟ್‌ಗಳಲ್ಲಿ ಅದೇ ತಕ್ಕಡಿಯ ಕೊನೆಯ ಅಂಕಿ ಮಾತ್ರ ಒಂದೆರಡು ಮನೆ ಆಚೀಚೆಯಾಗುತ್ತಿತ್ತು. ಅಗ್ಗದ ಡಬ್ಬಿಯಿಂದ ಹಾಗೆಯೇ ತೆಗೆದು ಹೊಡೆದಾಗ 20 ಮೀಟರ್‌ಗೆ 45ರಿಂದ 60 ಮಿ.ಮೀ. ಗ್ರೂಪ್ ಬಂತು, ನಡುವೆ ಒಂದೊಂದು ಈಡು ಕಾಗದವನ್ನೇ ತಪ್ಪಿಸಿಕೊಂಡು ಹೋಯಿತು. ಆದರೆ ಇವನ್ನು ಪೂರ್ತಿ ತಳ್ಳಿಹಾಕುವುದೂ ನ್ಯಾಯವಲ್ಲ. ಅದೇ ಡಬ್ಬಿಯಿಂದ ಗೆರೆ, ಸಿಬಿರು, ಮುರುಕು ಇರುವವನ್ನೆಲ್ಲ ಬದಿಗಿಟ್ಟು, ಉಳಿದವನ್ನು ಒಂದು ಗಾಜಿನ ಹಾಳೆಯ ಮೇಲೆ ಉರುಳಿಸಿದೆ. ತಲೆ ಚಿಕ್ಕದು, ಸ್ಕರ್ಟ್ ದೊಡ್ಡದಾದ್ದರಿಂದ ಪೆಲೆಟ್ ನೇರ ಉರುಳದೆ ಕಮಾನಿನಂತೆ ಬಾಗಿ ಉರುಳುತ್ತದೆ. ತಲೆ ಮತ್ತು ಸ್ಕರ್ಟಿನ ಅಳತೆಯ ಅನುಪಾತ ಒಂದೇ ಆಗಿರುವ ಪೆಲೆಟ್‌ಗಳೆಲ್ಲ ಒಂದೇ ಕಮಾನಿನಲ್ಲಿ ಹೋಗಿ ಒಂದೇ ಕಡೆ ನಿಲ್ಲುತ್ತವೆ, ಕುಂಟುವವು ತಡವರಿಸಿ ಬೇರೆ ಕಡೆ ಹೋಗುತ್ತವೆ. ಹೀಗೆ ಆರಿಸಿದಾಗ ಡಬ್ಬಿಯ ಅರ್ಧಕ್ಕಿಂತ ಕಡಿಮೆ ಉಳಿಯಿತು, ಆದರೆ ಆ ಉಳಿದವು 10 ಮೀಟರ್‌ನಲ್ಲಿ ಅಭ್ಯಾಸಕ್ಕೆ ಸಾಲುವಷ್ಟು ಚೆನ್ನಾಗಿ ಬಿದ್ದವು. ಹೊಸದಾಗಿ ಕಲಿಯುವ ಹುಡುಗರಿಗೆ, ಹಿಡಿತ ಮತ್ತು ಉಸಿರಿನ ಅಭ್ಯಾಸಕ್ಕೆ, ಇದು ಸಾಕು. ಆಮದಿನ ಡಬ್ಬಿಯ ಬೆಲೆ ಇದರ ಹಲವು ಪಟ್ಟು ಇರುವಾಗ ಎಲ್ಲ ಅಭ್ಯಾಸವನ್ನೂ ದುಬಾರಿ ಪೆಲೆಟ್‌ನಲ್ಲೇ ಮಾಡಬೇಕೆಂದು ನಾನು ಯಾರಿಗೂ ಹೇಳಲಾರೆ. ಜೀವವಿರುವ ಗುರಿಯ ಮುಂದೆ ಮಾತ್ರ ಇವನ್ನು ಬಳಸಕೂಡದು.

ಪೆಲೆಟ್ ಬದಲಿಸುವ ಮೊದಲು ಹಿಡಿತವನ್ನು ಸರಿಪಡಿಸಿಕೊಳ್ಳದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ ಎಂಬುದನ್ನೂ ಸೇರಿಸಬೇಕು. ಸ್ಪ್ರಿಂಗ್ ರೈಫಲ್ ಪೆಲೆಟ್ ಇನ್ನೂ ನಳಿಗೆಯೊಳಗೇ ಇರುವಾಗ ಮೊದಲು ಹಿಂದಕ್ಕೂ ಆಮೇಲೆ ಪಿಸ್ಟನ್ ಬಡಿದಾಗ ಮುಂದಕ್ಕೂ ಕುಲುಕುತ್ತದೆ. ಅದನ್ನು ಕೋವಿಯಂತೆ ಬಿಗಿದು ಹಿಡಿದರೆ ಪ್ರತಿ ಈಡಿಗೂ ಕುಲುಕು ಬೇರೆಯಾಗಿ ಗ್ರೂಪ್ ಚದುರುತ್ತದೆ. ಮುಂದಿನ ಕೈಯ ಅಂಗೈಯನ್ನು ಬಿಚ್ಚಿ, ಅದರ ಮೇಲೆ ರೈಫಲ್ ಸುಮ್ಮನೆ ಕೂರುವಂತೆ, ಪ್ರತಿ ಸಲವೂ ಅದೇ ಜಾಗದಲ್ಲಿ ಹಿಡಿಯಬೇಕು. ಮರಳು ಚೀಲದ ಮೇಲೆ ನೇರವಾಗಿ ಇಟ್ಟು ಹೊಡೆದರೆ ಪುಟಿತದಿಂದ ಈಡು ಬೇರೆ ಕಡೆ ಹೋಗುತ್ತದೆ. ಚೀಲದ ಮೇಲೆ ಕೈ, ಕೈಯ ಮೇಲೆ ರೈಫಲ್ ಇರಲಿ.

ಎಣ್ಣೆಯ ವಿಚಾರವೂ ಇಲ್ಲೇ ಬರುತ್ತದೆ. ನಮ್ಮ ಕಡೆ ತುಕ್ಕಿನ ಭಯಕ್ಕೆ ನಳಿಗೆಯೊಳಗೆ ತೆಂಗಿನೆಣ್ಣೆಯನ್ನೋ ಹೊಲಿಗೆ ಯಂತ್ರದ ಎಣ್ಣೆಯನ್ನೋ ಧಾರಾಳವಾಗಿ ಬಿಡುವ ಪದ್ಧತಿಯಿದೆ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖಕ್ಕೆ ಆ ಎಣ್ಣೆ ಹೊತ್ತಿಕೊಂಡು ಡೀಸೆಲ್ ಎಂಜಿನ್ನಿನಂತೆ ಸಿಡಿಯುತ್ತದೆ. ನಳಿಗೆಯ ಬಾಯಲ್ಲಿ ಹೊಗೆ ಕಾಣುತ್ತದೆ, ಸದ್ದು ಜೋರಾಗುತ್ತದೆ, ಒಂದು ಈಡು ಮೇಲೆ, ಒಂದು ಕೆಳಗೆ ಬೀಳುತ್ತದೆ. ಸ್ಪ್ರಿಂಗೂ ಸೀಲೂ ಬೇಗ ಹಾಳಾಗುತ್ತವೆ. ಹೊರಮೈಗೆ ತೆಳುವಾಗಿ ಎಣ್ಣೆ ಒರೆಸಿ, ನಳಿಗೆಯೊಳಗೆ ಒಣ ಬಟ್ಟೆ ಎಳೆದರೆ ಸಾಕು. ಪೆಲೆಟ್ ಪರೀಕ್ಷಿಸುವ ದಿನವಂತೂ ನಳಿಗೆ ಒಣಗಿಯೇ ಇರಬೇಕು.

ಮಳೆಗಾಲದಲ್ಲಿ ಪೆಲೆಟ್ ಕಾಪಿಡುವುದು ನಮ್ಮ ಸೀಮೆಯ ವಿಶೇಷ ಸಮಸ್ಯೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚಪ್ಪಲಿಗೂ ಬೂಸ್ಟು ಹಿಡಿಯುವಾಗ ಸೀಸ ಸುಮ್ಮನಿರುವುದಿಲ್ಲ. ಹೊಳೆಯುವ ಪೆಲೆಟ್ ಮೊದಲು ಮಂಕಾಗಿ, ಆಮೇಲೆ ಅದರ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಆ ಪುಡಿ ಪೆಲೆಟ್ಟಿನ ಅಳತೆಯನ್ನು ಕೆಡಿಸುತ್ತದೆ, ನಳಿಗೆಯೊಳಗೆ ಉದುರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಅದು ಸೀಸದ ವಿಷ. ಬಿಳಿ ಕಟ್ಟಿದ ಪೆಲೆಟ್ಟನ್ನು ಒರೆಸಿ ಬಳಸಲು ಹೋಗದೆ ಮಕ್ಕಳ ಕೈಗೆ ಸಿಗದಂತೆ ತೆಗೆದುಬಿಡಬೇಕು. ನಾನು ಡಬ್ಬಿಯನ್ನು, ಮಾತ್ರೆಯ ಸೀಸೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದೊಳಗಿಟ್ಟು ಅಡುಗೆಮನೆಯಿಂದ ದೂರದ ಒಣ ಕಪಾಟಿನಲ್ಲಿಡುತ್ತೇನೆ. ಪೆಲೆಟ್ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಎಲೆ ಅಡಿಕೆ ಹಾಕಿಕೊಳ್ಳಬಾರದು, ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿ ಹಿಡಿಯುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು.

ಈಗ ಹೆಗ್ಗಣದ ವಿಷಯ. ಕೊಟ್ಟಿಗೆಯ ಹಿಂಡಿ, ಗೋಣಿಯ ಭತ್ತ, ದಾಸ್ತಾನಿನ ಗೋಡೆ ಇವುಗಳಿಗೆ ಆಗುವ ನಷ್ಟಕ್ಕಿಂತ ದೊಡ್ಡದು ಅದರ ಮೂತ್ರದಿಂದ ಹರಡುವ ಇಲಿಜ್ವರ. ಮಳೆಗಾಲದಲ್ಲಿ ಬರಿಗಾಲಲ್ಲಿ ಗದ್ದೆ ತೋಟಗಳಲ್ಲಿ ಓಡಾಡುವವರಿಗೆ ಅದರ ಭಯ ನಿಜವಾದದ್ದು. ಬೋನು, ಬಿಲ ಮುಚ್ಚುವುದು, ಆಹಾರ ಸಿಗದಂತೆ ಮಾಡುವುದು ಇವು ಮೊದಲ ಉಪಾಯಗಳು. ತೋಟದಲ್ಲಿ ಕೇರೆ ಹಾವನ್ನು ಕೊಲ್ಲದೆ ಬಿಡುವುದು ಅವೆಲ್ಲಕ್ಕಿಂತ ದೊಡ್ಡ ಉಪಾಯ. ಅಷ್ಟಾದರೂ ಉಳಿದ ಹಳೆಯ ಹೆಗ್ಗಣ, ಬೋನಿಗೆ ಬೀಳದ ಜಾಣ ಹೆಗ್ಗಣ, ಮಬ್ಬುಗತ್ತಲಲ್ಲಿ ಗೋಡೆಯ ಬುಡ ಹಿಡಿದು ಅದೇ ದಾರಿಯಲ್ಲಿ ಬರುವಾಗ ಏರ್‌ರೈಫಲ್ ಉಪಯೋಗಕ್ಕೆ ಬರುತ್ತದೆ. ಅದರ ತಲೆಯಲ್ಲಿ ಒಂದೇ ಈಡಿಗೆ ಪ್ರಾಣ ಹೋಗುವ ಜಾಗ ಒಂದು ರೂಪಾಯಿ ನಾಣ್ಯಕ್ಕಿಂತ ಹೆಚ್ಚಿಲ್ಲ. ಆದ್ದರಿಂದ ನಿಮ್ಮ ರೈಫಲ್ ಮತ್ತು ಪೆಲೆಟ್ ಯಾವ ದೂರದವರೆಗೆ ಹತ್ತಕ್ಕೆ ಹತ್ತನ್ನೂ ಆ ನಾಣ್ಯದಡಿ ಹಾಕಬಲ್ಲವೋ ಅಷ್ಟೇ ನಿಮ್ಮ ದೂರ. ಆಸರೆಯಿಟ್ಟು ಕಾಗದಕ್ಕೆ ಹೊಡೆದದ್ದು 20 ಮೀಟರ್‌ಗೆ ಸೇರುತ್ತಿದ್ದರೂ, ಕುಳಿತು, ಟಾರ್ಚಿನ ಬೆಳಕಿನಲ್ಲಿ, ಅಲುಗುವ ಪ್ರಾಣಿಗೆ ಹೊಡೆಯುವಾಗ ನಾನು 12 ಮೀಟರ್ ದಾಟುವುದಿಲ್ಲ. ಇದೇ ಕಾರಣಕ್ಕೆ ಅಗ್ಗದ ಪೆಲೆಟ್ಟಿಗೆ ಇಲ್ಲಿ ಜಾಗವಿಲ್ಲ ಎಂದು ಮೇಲೆ ಹೇಳಿದ್ದು: 10 ಮೀಟರ್‌ನಲ್ಲೂ ಯಾವ ಪೆಲೆಟ್ ಯಾವಾಗ ಎರಡು ಬೆರಳು ಪಕ್ಕಕ್ಕೆ ಹೋಗುತ್ತದೆಂದು ಹೇಳಲಾಗದ ಡಬ್ಬಿಯಿಂದ ಜೀವಕ್ಕೆ ಹೊಡೆಯುವುದು ಕ್ರೌರ್ಯ.

ಹಿಂದೆ ಮಣ್ಣಿನ ಗೋಡೆಯೋ ಒದ್ದೆ ಮರಳಿನ ಚೀಲವೋ ಇರಬೇಕು. ಜಂಬಿಟ್ಟಿಗೆ ಗೋಡೆ ಮತ್ತು ಸಿಮೆಂಟು ನೆಲ ಪೆಲೆಟ್ಟನ್ನು ಹಿಂದಕ್ಕೆ ಎಸೆಯುತ್ತವೆ. ದನ ಕಟ್ಟಿರುವಾಗ ಕೊಟ್ಟಿಗೆಯೊಳಗೆ ಹೊಡೆಯಲೇಬಾರದು. ಅಡಿಕೆ ರಾಶಿಯ ಅಥವಾ ಭತ್ತದ ಕಡೆಗೆ ಸೀಸ ಹಾರಿಸಬಾರದು. ಸತ್ತ ಹೆಗ್ಗಣವನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಬೇಕು. ಬಯಲಿಗೆ ಎಸೆದರೆ ಅದರೊಳಗಿನ ಸೀಸವನ್ನು ಗೂಬೆಯೋ ಹದ್ದೋ ಮನೆಯ ಬೆಕ್ಕೋ ತಿನ್ನುತ್ತದೆ.

ಕೊಳ್ಳುವ ವಿಷಯದಲ್ಲಿ ನನ್ನ ಸಲಹೆ ಇದು. ನಮ್ಮ ಜಿಲ್ಲೆಯ ಅಂಗಡಿಗಳಲ್ಲಿ ನನಗೆ ಸಿಕ್ಕಿದ್ದು ಅಗ್ಗದ ಬಗೆ, ಮೊನಚು ಬಗೆ ಮತ್ತು ಅಪರೂಪಕ್ಕೆ ಚಪ್ಪಟೆ ತಲೆಯ ಸ್ಪರ್ಧಾ ಪೆಲೆಟ್ ಮಾತ್ರ, 0.55 ಗ್ರಾಮಿನ ಆಸುಪಾಸಿನ ದುಂಡು ತಲೆಯವನ್ನು ಬೆಂಗಳೂರಿನಿಂದಲೋ ಆನ್‌ಲೈನ್‌ನಲ್ಲೋ ತರಿಸಬೇಕಾಯಿತು. ಮೊದಲ ಸಲ ಒಂದೇ ಬಗೆಯ ನಾಲ್ಕು ಡಬ್ಬಿ ತರಿಸುವ ಬದಲು, ಗೆಳೆಯರು ಮೂರ್ನಾಲ್ಕು ಜನ ಸೇರಿ ಜೆಎಸ್‌ಬಿ ಎಕ್ಸಾಕ್ಟ್ 4.51, 4.52 ಮತ್ತು ಎಚ್ ಅಂಡ್ ಎನ್ ಫೀಲ್ಡ್ ಟಾರ್ಗೆಟ್ ಟ್ರೋಫಿ ಒಂದೊಂದನ್ನು ತರಿಸಿ, ತಲಾ ಐವತ್ತರಂತೆ ಹಂಚಿಕೊಂಡು, ತಮ್ಮ ತಮ್ಮ ನಳಿಗೆಯಲ್ಲಿ ಹೊಡೆದು ನೋಡುವುದು ಉತ್ತಮ. ಡಬ್ಬಿ ಕೈಗೆ ಬಂದ ಕೂಡಲೇ ತೆರೆದು, ಮೇಲಿನ ಸ್ಪಂಜಿನ ಪದರ ಇದೆಯೇ, ಸ್ಕರ್ಟ್‌ಗಳು ತಗ್ಗಿವೆಯೇ ಎಂದು ನೋಡಿ. ನನಗೆ ಒಬ್ಬ ಮಾರಾಟಗಾರ ಕಳಿಸಿದ ಡಬ್ಬಿಯ ಮುಚ್ಚಳವೇ ಬಿಚ್ಚಿಕೊಂಡು ಪೆಲೆಟ್‌ಗಳೆಲ್ಲ ರಟ್ಟಿನ ಪೆಟ್ಟಿಗೆಯೊಳಗೆ ಉರುಳಾಡಿಕೊಂಡು ಬಂದಿದ್ದವು, ತೆರೆಯುವಾಗಲೇ ಫೋಟೊ ತೆಗೆದಿದ್ದರಿಂದ ಬದಲಿ ಡಬ್ಬಿ ಸಿಕ್ಕಿತು. ಒಪ್ಪಿದ ಪೆಲೆಟ್ ಸಿಕ್ಕ ಮೇಲೆ ಡಬ್ಬಿಯ ಹಿಂಬದಿಯ ಚೀಟಿಯಲ್ಲಿರುವ ತಯಾರಿಕೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅಚ್ಚು ಸವೆದು ಬದಲಾದಾಗ ಅದೇ ಹೆಸರಿನ ಪೆಲೆಟ್ ಕೂಡ ಸ್ವಲ್ಪ ಬೇರೆಯಾಗುತ್ತದೆ, ಆದ್ದರಿಂದ ಅದೇ ಸಂಖ್ಯೆಯ ಡಬ್ಬಿಗಳು ಅಂಗಡಿಯಲ್ಲಿ ಉಳಿದಿದ್ದರೆ ಮಳೆಗಾಲ ಹಿಡಿಯುವ ಮೊದಲೇ ಒಂದೆರಡನ್ನು ಹೆಚ್ಚಾಗಿ ತರಿಸಿಟ್ಟುಕೊಳ್ಳಿ.